ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಎದೆ ಹಿಡಿಯುತ್ತೆ, ಹೊಟ್ಟೆ ಉರಿಯುತ್ತೆ: ಇವರಿಗೆ ಏನು ಹೇಳಬೇಕು?

ಪ್ರಶ್ನೆ: ಉಪಕೇಂದ್ರ, ಚಿಂತಾಮಣಿ ಕಡೆ

ಚಿಂತಾಮಣಿ-ಶ್ರೀನಿವಾಸಪುರ ಗಡಿಯ ಹಳ್ಳಿಗಳ ಸಮುದಾಯ ಆರೋಗ್ಯಾಧಿಕಾರಿಯಾಗಿ ಕೇಳ್ತಿದ್ದೀನಿ. ಉಪಕೇಂದ್ರಕ್ಕೆ ಬರುವವರಲ್ಲಿ ಟೊಮೊಟೊ ಬೆಳೆಯುವವರು, ರೇಷ್ಮೆ ಹುಳ ಸಾಕುವವರು, ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವ ಹುಡುಗ ಹುಡುಗಿಯರು ಹೆಚ್ಚು. ದೂರು ಬಹುತೇಕ ಒಂದೇ ಥರ: ಎದೆ ಹಿಡ್ಕೊಂಡಂಗೆ ಆಗ್ತದೆ, ಗ್ಯಾಸು ಮೇಲಕ್ಕೆ ಒತ್ತುತ್ತದೆ, ಕೈ ಜೋಮು, ತಲೆ ದಿಮ್ ಅನ್ನುತ್ತದೆ, ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಇಸಿಜಿ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲಾ ಮಾಡಿಸಿ ಫೈಲ್ ಹಿಡಿದು ಬರ್ತಾರೆ. ಎಲ್ಲಾ ಕಡೆ ಕೇಳಿಸಿಕೊಂಡಿರೋದು ಒಂದೇ ಮಾತು: "ಏನೂ ಇಲ್ಲ, ಟೆನ್ಷನ್ ಬಿಡಿ." ಆ ಮಾತು ಅವರಿಗೆ "ನೀನು ನಾಟಕ ಆಡ್ತಿದ್ದೀಯ" ಅಂತಲೋ "ನಿನಗೆ ತಲೆ ಸರಿ ಇಲ್ಲ" ಅಂತಲೋ ಕೇಳಿಸುತ್ತದೆ.

ನನಗೆ ಬೇಕಿರುವುದು ಮೂರು. ಮನಸ್ಸಿನ ಒತ್ತಡ ಮೈಯೊಳಗೆ ಏನು ಮಾಡುತ್ತದೆ ಅಂತ ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಹೇಗೆ ಹೇಳೋದು? ಯಾವುದನ್ನು ಟೆನ್ಷನ್ ಅಂದುಕೊಂಡು ತಳ್ಳಿಹಾಕಬಾರದು? ಹತ್ತು ನಿಮಿಷದಲ್ಲಿ ಕಲಿಸಿ ಕಳಿಸುವಂಥದ್ದು ಏನಿದೆ?

ಉತ್ತರ 1: ಫಿಸಿಷಿಯನ್, ಕೋಲಾರ

"ಏನೂ ಇಲ್ಲ" ಅನ್ನುವುದನ್ನು ಮೊದಲು ಬಿಡಬೇಕು, ಯಾಕಂದರೆ ಅದು ನಿಜವೂ ಅಲ್ಲ. ಇಸಿಜಿ ಹೇಳುವುದು ಆ ಹತ್ತು ಸೆಕೆಂಡು ಹೃದಯದ ವಿದ್ಯುತ್ ಹೇಗೆ ಹರಿಯಿತು ಅಂತ ಮಾತ್ರ. ಎಂಡೋಸ್ಕೋಪಿ ತೋರಿಸುವುದು ಜಠರದ ಒಳಪದರದಲ್ಲಿ ಹುಣ್ಣು, ಊತ ಇದೆಯೇ ಅಂತ. ಪಕ್ಕೆಲುಬುಗಳ ನಡುವಿನ ಸ್ನಾಯು ಎಷ್ಟು ಬಿಗಿದುಕೊಂಡಿದೆ, ಕರುಳಿನ ನರ ಎಷ್ಟು ಸೂಕ್ಷ್ಮವಾಗಿದೆ, ಉಸಿರು ನಿಮಿಷಕ್ಕೆ ಎಷ್ಟು ಸಲ ಓಡುತ್ತಿದೆ, ಇವ್ಯಾವುವೂ ಆ ಫೈಲಿನಲ್ಲಿ ಬರುವುದಿಲ್ಲ. ರೋಗಿಗೆ ಹೀಗೆ ಹೇಳಿ: "ನಿಮ್ಮ ಹೃದಯ, ಜಠರ ಕೆಟ್ಟಿಲ್ಲ, ಅದು ಒಳ್ಳೆಯ ಸುದ್ದಿ. ಆದರೆ ಅವುಗಳನ್ನು ನಡೆಸುವ ನರಗಳು ಅತಿಯಾಗಿ ಎಚ್ಚರವಾಗಿವೆ. ನೋವು ನಿಜ."

ನಮ್ಮ ಕಡೆಯವರಿಗೆ ಟೊಮೊಟೊ ಮಂಡಿಯ, ಅಂದರೆ ಮಾರುಕಟ್ಟೆಯ, ಉದಾಹರಣೆ ಥಟ್ಟನೆ ಹಿಡಿಸುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸ್ ಟೊಮೊಟೊ 2000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಬಾಕ್ಸು ಕಿತ್ತ ಕೂಲಿಗೂ ಸಾಲುವುದಿಲ್ಲ. ಹರಾಜು ಕೂಗುವವನ ಬಾಯಲ್ಲಿ ಕಡಿಮೆ ಬೆಲೆ ಬಿದ್ದ ಕ್ಷಣ ಮೈ ಝಲ್ ಅನ್ನುತ್ತದಲ್ಲ, ಅದು ಅಡ್ರಿನಲಿನ್ ಅನ್ನುವ ಹಾರ್ಮೋನ್. ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಗ್ರಂಥಿಯಿಂದ ಕೆಲವೇ ಸೆಕೆಂಡಿನಲ್ಲಿ ರಕ್ತಕ್ಕೆ ಬರುತ್ತದೆ. ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುವುದು ಎಲ್ಲಾ ಅದರದೇ. ಅದರ ಹಿಂದೆಯೇ ಮಿದುಳಿನಿಂದ ಅದರ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿನ ಅದೇ ಗ್ರಂಥಿಗೆ ಇನ್ನೊಂದು ಆಜ್ಞೆ ಹೋಗಿ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಏರುತ್ತದೆ. ಅದು ತುದಿ ಮುಟ್ಟುವುದು ಇಪ್ಪತ್ತು, ಮೂವತ್ತು ನಿಮಿಷಕ್ಕೆ. ಮಂಡಿಯಿಂದ ವಾಪಸ್ ಗಾಡಿ ಹತ್ತಿದ ಮೇಲೂ ಮೈ ಬಿಸಿ ಆರದೆ ಇರುವುದಕ್ಕೆ ಕಾರಣ ಇದು.

ಒಂದು ದಿನದ ಗಾಬರಿಯಿಂದ ಮೈಗೆ ತೊಂದರೆಯಿಲ್ಲ, ಈ ವ್ಯವಸ್ಥೆ ಇರುವುದೇ ಅದಕ್ಕೆ. ತೊಂದರೆ ಆಗುವುದು ಸಾಲದ ಕಂತು, ಬತ್ತಿದ ಬೋರ್‌ವೆಲ್, ಮಗಳ ಮದುವೆ ಅಂತ ತಿಂಗಳುಗಟ್ಟಲೆ ಆ ಆಜ್ಞೆ ನಿಲ್ಲದೆ ಬರುತ್ತಿದ್ದಾಗ. ಕಾರ್ಟಿಸಾಲ್ ಬೆಳಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಗೆ ಅತಿ ಹೆಚ್ಚು, ನಡುರಾತ್ರಿ ಹೊತ್ತಿಗೆ ಅತಿ ಕಡಿಮೆ ಇರಬೇಕು. ನಸುಕಿಗೆ ಮೊದಲೇ ಅದು ನಿಧಾನವಾಗಿ ಏರತೊಡಗುತ್ತದೆ, ಆ ಹೊತ್ತಿಗೆ ನಿದ್ದೆಯೂ ತೆಳುವಾಗಿರುತ್ತದೆ. ಚಿಂತೆ ಇದ್ದವರಿಗೆ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತದಿರುವುದು ಇದರಿಂದ.

ಶುಗರ್ ಇರುವವರಿಗೆ ಇದು ನೇರ ಲೆಕ್ಕ. ಕಾರ್ಟಿಸಾಲ್, ಅಡ್ರಿನಲಿನ್ ಎರಡೂ ಲಿವರಿನಿಂದ ಸಕ್ಕರೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸವನ್ನು ತಡೆಯುತ್ತವೆ. ಮುದ್ದೆ ಅಷ್ಟೇ, ಮಾತ್ರೆ ಅದೇ, ಆದರೂ ಶುಗರ್ ಏರಿದೆ ಅಂದರೆ ಮನೆಯಲ್ಲಿ ಏನಾಗುತ್ತಿದೆ ಅಂತ ಕೇಳಿ. ಕೇಳದೆ ಮಾತ್ರೆ ಮಾತ್ರ ಹೆಚ್ಚಿಸಿದರೆ, ಗಲಾಟೆ ತಣ್ಣಗಾದ ಮೇಲೆ ಲೋ ಶುಗರ್ ಆಗಿ ಬೀಳುತ್ತಾರೆ.

ಗಾಯ ಮಾಗುವುದೂ ನಿಧಾನ. 1995ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿ ನೋಡಿದರು. ಅವರಿಗೆ ಅದು ಮಾಗಲು ಉಳಿದವರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತು. ಹೃದಯದ ವಿಷಯಕ್ಕೆ ಬಂದರೆ, ಭಾರತವೂ ಸೇರಿ 52 ದೇಶಗಳಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಮಾನಸಿಕ, ಸಾಮಾಜಿಕ ಒತ್ತಡವನ್ನೂ ಎಣಿಸಿದೆ. ಆದ್ದರಿಂದ "ಬರೀ ಟೆನ್ಷನ್" ಅನ್ನುವ ಮಾತಿನಲ್ಲಿ ಆ "ಬರೀ" ತಪ್ಪು.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಜಠರದ ಹುಣ್ಣಿಗೆ ಟೆನ್ಷನ್ನೇ ಮೂಲ ಅಂತ ಬಹಳ ವರ್ಷ ನಂಬಿದ್ದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಎರಡನೇ ಕಾರಣ ನೋವಿನ ಮಾತ್ರೆ. ಬೆನ್ನು ನೋವಿಗೆ ಅಂತ ಅಂಗಡಿಯಿಂದ ತಂದು ದಿನಾ ನುಂಗುವವರ ಹೊಟ್ಟೆ ಉರಿಗೆ ಧ್ಯಾನ ಹೇಳಿಕೊಟ್ಟರೆ ಏನೂ ಉಪಯೋಗವಿಲ್ಲ, ಮೊದಲು ಆ ಮಾತ್ರೆ ನಿಲ್ಲಬೇಕು.

ಉತ್ತರ 2: ತುರ್ತು ವಿಭಾಗದ ನರ್ಸ್, ಚಿಕ್ಕಬಳ್ಳಾಪುರ

ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಬರೀತೀನಿ, ಯಾಕಂದ್ರೆ ಅಲ್ಲಿ ತಪ್ಪಿದ್ರೆ ಜೀವ ಹೋಗುತ್ತೆ.

ಎದೆ ನಡುವೆ ಕಲ್ಲು ಹೇರಿದ ಹಾಗೆ ಭಾರ, ಹದಿನೈದು ನಿಮಿಷ ದಾಟಿದೆ, ದವಡೆಗೋ ಎಡಗೈಗೋ ಬೆನ್ನಿಗೋ ಹರಡ್ತಿದೆ, ತಣ್ಣನೆ ಬೆವರು, ನಡೆದರೆ ಜಾಸ್ತಿ ನಿಂತರೆ ಕಡಿಮೆ. ಇದು ಇದ್ದರೆ ಚರ್ಚೆ ಬೇಡ, 108. ಹೋದ ತಿಂಗಳ ನಾರ್ಮಲ್ ಇಸಿಜಿ ಇವತ್ತಿಗೆ ಲೆಕ್ಕಕ್ಕಿಲ್ಲ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ, ಹೊಟ್ಟೆ ಮೇಲ್ಭಾಗ ಉರಿ, ವಿಪರೀತ ಸುಸ್ತು ಅಂತಲೂ ಹಾರ್ಟ್ ಅಟ್ಯಾಕ್ ಬರುತ್ತೆ. "ಗ್ಯಾಸು" ಅಂತ ಸೋಡಾ ಕುಡಿಸಿ ಮಲಗಿಸೋದು ಇಂಥವರನ್ನೇ. ಬೆರಳಿಂದ ಒತ್ತಿದರೆ ನೋಯುವ, ಚುಚ್ಚಿ ಹೋಗುವ, ಕೂತಾಗ ಬಂದು ಹೊಲದ ಕೆಲಸದಲ್ಲಿ ಮರೆಯಾಗುವ ನೋವು ಸ್ನಾಯುವಿನದು ಇರೋ ಸಾಧ್ಯತೆ ಹೆಚ್ಚು. ಆದರೆ ನಲವತ್ತು ದಾಟಿದವರು, ಬೀಡಿ, ಬಿಪಿ, ಶುಗರ್ ಇರುವವರು ಆದರೆ ಒಂದು ಇಸಿಜಿ ಮಾಡಿಸದೆ ಆ ತೀರ್ಮಾನಕ್ಕೆ ಬರಬೇಡಿ.

ಟೊಮೊಟೊ ತೋಟದವರಿಗೆ ಕೇಳಲೇಬೇಕಾದ ಪ್ರಶ್ನೆ: ಔಷಧಿ ಹೊಡೆದಿದ್ದು ಯಾವತ್ತು? ಆರ್ಗ್ಯಾನೋಫಾಸ್ಫೇಟ್ ಗುಂಪಿನ ಕೀಟನಾಶಕ ಚರ್ಮದಿಂದಲೂ ಒಳಗೆ ಹೋಗುತ್ತೆ. ತಲೆನೋವು, ಎದೆ ಬಿಗಿತ, ಬೆವರು, ಕೈ ನಡುಕ, ಕಳವಳ, ನೋಡಲಿಕ್ಕೆ ಥೇಟ್ ಗಾಬರಿ. ಕಣ್ಣು ನೋಡಿ. ಗಾಬರಿಯಲ್ಲಿ ಪಾಪೆ ಹಿಗ್ಗಿರುತ್ತೆ, ಈ ವಿಷದಲ್ಲಿ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತೆ. ಗಾಬರಿಯಲ್ಲಿ ಬಾಯಿ ಒಣಗುತ್ತೆ, ಇದರಲ್ಲಿ ಜೊಲ್ಲು ಸುರಿಯುತ್ತೆ. ಭೇದಿ, ಕಣ್ಣು ಮಂಜು, ಸ್ನಾಯು ಅದುರೋದು ಇದ್ದರೆ ಬಟ್ಟೆ ಬಿಚ್ಚಿಸಿ, ತಲೆಗೂದಲೂ ಸೇರಿ ಸೋಪಿನಲ್ಲಿ ತೊಳೆಸಿ, ಔಷಧಿ ಬಾಟಲಿ ಸಮೇತ ಆಸ್ಪತ್ರೆಗೆ ಕಳಿಸಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ವಾಂತಿ ಮಾಡಿಸಬೇಡಿ.

ಹುಳದ ಮನೆಯವರಿಗೆ ಇನ್ನೊಂದು. ಬೆಳೆ ಮುಗಿದ ಮೇಲೆ ಫಾರ್ಮಲಿನ್ನೋ ಬ್ಲೀಚಿಂಗೋ ಹೊಡೆದು ಮನೆ ಶುದ್ಧಿ ಮಾಡ್ತಾರೆ, ಆ ಘಾಟಿಗೆ ಕಣ್ಣು ಉರಿ, ಎದೆ ಬಿಗಿತ ಬರುತ್ತೆ. ಶಿಡ್ಲಘಟ್ಟದ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಘಟಕಗಳಲ್ಲಿ, ಹುಳದ ಮನೆಗಳಲ್ಲಿ ಕೆಲಸದಿಂದಲೇ ಬರುವ ಆಸ್ತಮಾನೂ ಉಂಟು. ಕೆಲಸದ ದಿನ ಉಬ್ಬಸ, ರಜೆ ದಿನ ಹಗುರ ಅಂದರೆ ಅದು ಮನಸ್ಸಲ್ಲ, ಶ್ವಾಸಕೋಶ.

ಬಾಗೇಪಲ್ಲಿ ಕಡೆ, ತುಮಕೂರು ಜಿಲ್ಲೆಯ ಪಾವಗಡ ಕಡೆ ಬೆನ್ನು, ಕುತ್ತಿಗೆ ನೋವು ಅಂತ ಬಂದರೆ ಕುಡಿಯುವ ನೀರು ಯಾವುದು ಕೇಳಿ. ಮೂಳೆ, ಕೀಲು ಬಿಗಿಯುವಂತೆ ಮಾಡುವ ಫ್ಲೋರೈಡ್ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಮೂರು ಪರೀಕ್ಷೆ ಬರಿಗೈಯಲ್ಲೇ ಆಗುತ್ತೆ: ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತಿಸಿ, ಗಲ್ಲ ಎದೆಗೆ ಮುಟ್ಟಿಸಿ, ಎರಡೂ ಕೈ ಚಾಚಿ ಮಡಚಿ ತಲೆ ಹಿಂಭಾಗ ಮುಟ್ಟಿಸಿ. ಆಗದಿದ್ದರೆ ಫ್ಲೋರೈಡ್ ಅನುಮಾನ ಪಡಿ. ಇದರ ಜೊತೆ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಡವಡವ ಅಂತಲೇ ಬರುತ್ತಾರೆ. ಮಲದಲ್ಲಿ ರಕ್ತ, ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಎರಡು ವಾರ ಮೀರಿದ ಕೆಮ್ಮು, ಇವು ಯಾವುದೂ ಟೆನ್ಷನ್ ಅಲ್ಲ.

ಉತ್ತರ 3: ಮನಃಶಾಸ್ತ್ರಜ್ಞೆ, ತುಮಕೂರು

ಮೇಲಿನ ಎರಡೂ ಉತ್ತರ ಮುಗಿದ ಮೇಲೆ ನನ್ನದು ಶುರು. ಆ ಪರೀಕ್ಷೆ ಆಗದೆ ನಾನು ಹೇಳುವುದನ್ನು ಮಾಡಬೇಡಿ.

ಮೊದಲನೆಯದು ಮಾತು. "ನಿಮಗೆ ಮಾನಸಿಕ ಸಮಸ್ಯೆ ಇದೆಯಾ" ಅಂತ ಕೇಳಿದರೆ ಬಾಗಿಲು ಮುಚ್ಚಿತು. "ಈ ನೋವು ಶುರುವಾದ ತಿಂಗಳು ಮನೆಯಲ್ಲಿ, ಹೊಲದಲ್ಲಿ ಏನು ನಡೀತಿತ್ತು?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಅರ್ಧ ನಿಮಿಷ ಸುಮ್ಮನಿರುವುದು ಕಷ್ಟ, ಆದರೆ ಬೇಕಾದ ಉತ್ತರ ಬರುವುದು ಆ ಅರ್ಧ ನಿಮಿಷದ ನಂತರವೇ. ತೆಲುಗು ಮನೆಮಾತಿನವರಾದರೆ ತೆಲುಗಿನಲ್ಲೇ ಕೇಳಿ. ದುಃಖ ಎರಡನೇ ಭಾಷೆಯಲ್ಲಿ ಹೊರಗೆ ಬರುವುದಿಲ್ಲ.

ಎರಡನೆಯದು ಉಸಿರು. ಕೈ ಜೋಮು, ತಲೆ ದಿಮ್ ಅನ್ನುವುದಕ್ಕೆ ಬಹಳ ಸಲ ಕಾರಣ ಅತಿ ಉಸಿರಾಟ. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಮಿದುಳಿನ ರಕ್ತನಾಳ ಕಿರಿದಾಗಿ ತಲೆ ತಿರುಗುತ್ತದೆ, ರಕ್ತದಲ್ಲಿ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಕುಗ್ಗಿ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೆಲವರಿಗೆ ಬೆರಳು ಸೆಟೆದುಕೊಳ್ಳುವುದೂ ಆಗುತ್ತದೆ. ಅದನ್ನು ಕಂಡು ಇನ್ನೂ ಗಾಬರಿ, ಇನ್ನೂ ಜೋರು ಉಸಿರು.

ಕಲಿಸುವ ಕ್ರಮ ಹೀಗೆ. ಗೋಡೆಗೆ ಒರಗಿ ಕೂರಿಸಿ, ಒಂದು ಕೈ ಎದೆ ಮೇಲೆ, ಒಂದು ಹೊಕ್ಕುಳ ಮೇಲೆ. ಎದೆಯ ಕೈ ಅಲುಗದೆ ಹೊಟ್ಟೆಯ ಕೈ ಮೇಲೇಳಬೇಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ, ದಿನಕ್ಕೆ ಎರಡು ಸಲ, ಗಾಬರಿ ಇಲ್ಲದ ಹೊತ್ತಿನಲ್ಲಿ. ಹೊರಗೆ ಬಿಡುವುದೇ ಉದ್ದ ಇರಬೇಕು, ಯಾಕಂದರೆ ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ. ನಾಡಿ ಹಿಡಿದು ತೋರಿಸಿ: ಒಳಗೆ ಎಳೆದಾಗ ಬಡಿತ ತುಸು ಬೇಗ, ಬಿಟ್ಟಾಗ ತುಸು ನಿಧಾನ. ತನ್ನ ಬೆರಳಿಗೇ ಗೊತ್ತಾದ ಮೇಲೆ ಆ ಮನುಷ್ಯ ಮನೆಯಲ್ಲಿ ಮಾಡುತ್ತಾನೆ. ಹೇಳಿ ಕಳಿಸಿದರೆ ಮಾಡುವುದಿಲ್ಲ.

ನಿದ್ದೆಯ ವಿಷಯದಲ್ಲಿ ನಿಮ್ಮ ಕಡೆಗೆ ಹೊಂದುವಂತೆ ಹೇಳಬೇಕು. "ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಐದಕ್ಕೆ ಏಳಿ" ಅನ್ನುವುದು ಹುಳದ ಮನೆಯಲ್ಲಿ ನಡೆಯುವ ಮಾತಲ್ಲ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲಿನ ಏಳೆಂಟು ದಿನದಲ್ಲೇ ಹುಳ ತನ್ನ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ತಿನ್ನುತ್ತದೆ. ತಡರಾತ್ರಿ ಸೊಪ್ಪು, ಬೆಳಗಿನ ಜಾವ ಸೊಪ್ಪು, ಆಮೇಲೆ ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ದಿನ ಮಲಗುವುದೇ ಇಲ್ಲ. ಈ ವಾರದಲ್ಲಿ ಸಾಧ್ಯವಿರುವುದು ಒಂದು: ರಾತ್ರಿಯ ಪಾಳಿಯನ್ನು ಇಬ್ಬರು ಹಂಚಿಕೊಂಡು, ಒಬ್ಬೊಬ್ಬರಿಗೆ ನಾಲ್ಕೈದು ಗಂಟೆ ಮುರಿಯದ ನಿದ್ದೆ, ದಿನಾ ಅದೇ ಹೊತ್ತಿಗೆ. ಸಾಮಾನ್ಯವಾಗಿ ಈ ಪಾಳಿ ಮನೆಯ ಹೆಂಗಸಿನ ಮೇಲೇ ಪೂರ್ತಿ ಬೀಳುತ್ತದೆ, ಸುಸ್ತು ಅಂತ ನಿಮ್ಮ ಹತ್ತಿರ ಬರುವವಳೂ ಅವಳೇ. ಗಂಡನನ್ನೂ ಕೂರಿಸಿಕೊಂಡು ಹೇಳಿ. ಮಧ್ಯಾಹ್ನ ಇಪ್ಪತ್ತು ಮೂವತ್ತು ನಿಮಿಷದ ಕಿರುನಿದ್ದೆ ಇರಲಿ. ಹುಳ ಗೂಡು ಕಟ್ಟಿದ ಮೇಲೆ ಎರಡು ದಿನದಲ್ಲಿ ಮಾಮೂಲು ಹೊತ್ತಿಗೆ ಬರಬೇಕು.

ಉಳಿದವರಿಗೆ ಮಾಮೂಲು ನಿಯಮ: ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂರಿ, ಕಣ್ಣು ಎಳೆದಾಗ ವಾಪಸ್. ಗಡಿಯಾರ ನೋಡಬಾರದು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆ ನಾಲ್ಕರ ನಂತರ ಕಾಫಿ ಟೀ ಬೇಡ. ಕುಡಿತ ನಿದ್ದೆ ಬರಿಸುತ್ತದೆ, ಆದರೆ ನಡುರಾತ್ರಿಯ ಮೇಲೆ ಅದೇ ನಿದ್ದೆ ಮುರಿಯುತ್ತದೆ.

ಯಾವಾಗ ಮೇಲಕ್ಕೆ ಕಳಿಸಬೇಕು? ಪಿಎಚ್‌ಕ್ಯೂ-9 ಅನ್ನುವುದು ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಒಟ್ಟು ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಳಿಸಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಒಂದು ಅಂಕ ಬಂದರೂ ಒಟ್ಟು ಎಷ್ಟು ಅಂತ ನೋಡಬೇಡಿ, ಆ ದಿನವೇ ವೈದ್ಯರ ಜೊತೆ ಮಾತಾಡಿಸಿ, ಮನೆಯಲ್ಲಿರುವ ಕೀಟನಾಶಕ ಬೇರೆಯವರ ಕೈಗೆ, ಬೀಗದೊಳಗೆ ಹೋಗಲಿ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಅನ್ನುವ ಭಯ ಬೇಡ, ಕೇಳಿದರೆ ಎದೆ ಹಗುರಾಗುತ್ತದೆ. ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾಸ್ಪತ್ರೆಯಲ್ಲಿ ಇರುತ್ತದೆ.

ಮರುಪ್ರಶ್ನೆ: ಉಪಕೇಂದ್ರ, ಚಿಂತಾಮಣಿ ಕಡೆ

ಪಾಪೆ ನೋಡುವ ವಿಷಯ ನಾಳೆಯಿಂದಲೇ ಬಳಸ್ತೀನಿ. ಇನ್ನೂ ಮೂರು ಅನುಮಾನ. ಉಸಿರಾಟ ಮಾಡಿಸಿದರೆ ಕೆಲವರು "ಇನ್ನೂ ತಲೆ ತಿರುಗ್ತದೆ" ಅಂತಾರೆ. ಜೋಮು ಬಂದಾಗ ಮುಖಕ್ಕೆ ಪೇಪರ್ ಕವರ್ ಹಿಡಿಸಬಹುದಾ? ಮತ್ತೆ ಬಿಪಿ: ಇಲ್ಲಿ 160 ತೋರಿಸುತ್ತದೆ, ಮನೆಯಲ್ಲಿ ನೋಡಿದರೆ 130. ಯಾವುದನ್ನು ನಂಬೋದು?

ಉತ್ತರ 3: ಮನಃಶಾಸ್ತ್ರಜ್ಞೆ, ತುಮಕೂರು

ತಲೆ ತಿರುಗುವುದು "ದೀರ್ಘವಾಗಿ ಉಸಿರು ತಗೊಳ್ಳಿ" ಅಂದಾಗ. ಅವರು ಎದೆ ತುಂಬಾ ಎಳೆಯುತ್ತಾರೆ, ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಗೆ ಹೋಗುತ್ತದೆ. "ದೀರ್ಘ" ಅನ್ನುವ ಪದವನ್ನೇ ಬಿಟ್ಟು "ಸಣ್ಣದಾಗಿ, ನಿಧಾನವಾಗಿ" ಅನ್ನಿ. ನಾಲ್ಕು-ಆರು ಆಗದವರಿಗೆ ಮೂರು-ನಾಲ್ಕರಿಂದ ಶುರು ಮಾಡಿಸಿ. ಕಣ್ಣು ಮುಚ್ಚಿದರೆ ಗಾಬರಿಯಾಗುವವರು ಕಣ್ಣು ಬಿಟ್ಟೇ ಮಾಡಲಿ.

ಉಸಿರು ಒಗ್ಗದೇ ಇದ್ದವರಿಗೆ ಸ್ನಾಯು ಬಿಗಿದು ಬಿಡುವುದು ಒಳ್ಳೆಯದು. ಮುಷ್ಟಿ ಐದು ಸೆಕೆಂಡು ಬಿಗಿಯಾಗಿ ಹಿಡಿದು, ಥಟ್ಟನೆ ಬಿಟ್ಟು, ಇಪ್ಪತ್ತು ಸೆಕೆಂಡು ಕೈ ಹೇಗೆ ಸಡಿಲವಾಯಿತು ಅಂತ ಗಮನಿಸಬೇಕು. ಆಮೇಲೆ ಭುಜ ಕಿವಿಯವರೆಗೆ ಎತ್ತಿ ಬಿಡುವುದು, ಹಣೆ, ದವಡೆ, ಹೊಟ್ಟೆ, ಕಾಲು. ಹೊಲದಲ್ಲಿ ದುಡಿಯುವವರಿಗೆ ಇದು ಬೇಗ ಒಗ್ಗುತ್ತದೆ. ನೋವಿರುವ ಜಾಗ ಮಾತ್ರ ಬಿಗಿಯಬಾರದು.

ಪೇಪರ್ ಕವರ್ ಬೇಡ. ಅದು ಆಸ್ತಮಾ ಅಥವಾ ಹೃದಯದ ತೊಂದರೆ ಆಗಿದ್ದರೆ ಇರುವ ಆಮ್ಲಜನಕವೂ ಕಡಿಮೆಯಾಗಿ ಅಪಾಯ.

ಉತ್ತರ 1: ಫಿಸಿಷಿಯನ್, ಕೋಲಾರ

ಬಿಪಿ ಬಗ್ಗೆ. ಎರಡೂ ನಿಜ ಇರಬಹುದು. ಆಸ್ಪತ್ರೆ ಕಂಡರೆ ಏರುವ ಬಿಪಿ ಅನ್ನುವುದು ಇದೆ, ಮೇಲಿನ ಅಂಕಿ 20, 30 ಏರಿರಬಹುದು. ಆದರೆ ಮೊದಲು ಅಳತೆ ಸರಿಯಿದೆಯೇ ನೋಡಿ. ನಡೆದು ಬಂದವರನ್ನು ಐದು ನಿಮಿಷ ಕೂರಿಸಬೇಕು. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ. ಮೂತ್ರ ಕಟ್ಟಿಕೊಂಡಿದ್ದರೆ ಏರುತ್ತದೆ, ಮಾತಾಡುತ್ತಿದ್ದರೆ ಏರುತ್ತದೆ, ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿದ್ದರೂ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಸುಳ್ಳು ಹೆಚ್ಚಳ ಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ.

ಮನೆಯಲ್ಲಿ ಏಳು ದಿನ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಬರೆದಿಡಲಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಲೆಕ್ಕದಲ್ಲಿ 135/85 ಮುಟ್ಟಿದರೆ ಬಿಪಿ ಇದೆ ಅಂತ ಅರ್ಥ, ಆಸ್ಪತ್ರೆಯ ಲೆಕ್ಕದಲ್ಲಿ 140/90. ಮನೆಯಲ್ಲಿ ಸರಿಯಿದ್ದು ಇಲ್ಲಿ ಮಾತ್ರ ಏರುವವರಿಗೆ ತಕ್ಷಣ ಮಾತ್ರೆ ಬೇಕಿಲ್ಲದಿರಬಹುದು, ಆದರೆ ಅವರಲ್ಲಿ ಎಷ್ಟೋ ಜನಕ್ಕೆ ಮುಂದೆ ನಿಜವಾದ ಬಿಪಿ ಬರುತ್ತದೆ, ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಬೇಕು. 180/120 ದಾಟಿ ಎದೆನೋವು, ಮಾತು ತೊದಲುವುದು, ಕಣ್ಣು ಮಂಜು ಇದ್ದರೆ ಕಾಯದೆ ಕಳಿಸಿ.

ಕೊನೆಯದಾಗಿ ಮಾತ್ರೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಗಾಬರಿ ತಗ್ಗಿಸಲು ಕೊಡುವ ಅಲ್ಪ್ರಾಜೊಲಾಂ ಮಾತ್ರೆ ಅದಕ್ಕೆ ಉಲ್ಟಾ: ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಕೆಲವೇ ವಾರದಲ್ಲಿ ಅದಿಲ್ಲದೆ ಆಗುವುದಿಲ್ಲ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗುತ್ತಿರುವವರು ನಿಮ್ಮ ಹಳ್ಳಿಗಳಲ್ಲೂ ಇರುತ್ತಾರೆ. ಅಂಥವರನ್ನು ಗುರುತಿಸಿ, ಆದರೆ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ, ಜೊತೆಗೆ ಕುಡಿತ ಇದೆಯೇ ಅಂತ ಬರೆದು ಚೀಟಿ ಕೊಟ್ಟು ಕಳಿಸಿ, ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸುವುದನ್ನು ವೈದ್ಯರು ನೋಡಿಕೊಳ್ಳುತ್ತಾರೆ.